ಅಪ್ಪಣೆ ಕೇಳದ ಸಹಿ

೧

ಸ್ಫೂರ್ತಿ ಎಂಬ ಮಾತನ್ನು ಕನ್ನಡ ವಿಮರ್ಶೆ ಜಾತಿಯ ಪ್ರಶ್ನೆಯಾಗಿ ನೋಡಿದ್ದು ಬಹಳ ಕಡಿಮೆ. ಹಳೆಯ ಕಾವ್ಯಮೀಮಾಂಸೆಯವರು ಅದನ್ನು ಪ್ರತಿಭೆ ಎಂದು ಕರೆದು ಹುಟ್ಟಿಗೆ ಗಂಟು ಹಾಕಿದರು. ನವೋದಯದವರಿಗೆ ಅದು ಮುಗಿಲಿನಿಂದ ಇಳಿದುಬಂದ ಬೆಳಕು. ನವ್ಯರಿಗೆ ಒಂಟಿ ಮನಸ್ಸಿನ ತಳಮಳ. ಮೂವರೂ ಒಂದು ಸಂಗತಿಯನ್ನು ಕೇಳದೆಯೇ ಒಪ್ಪಿಕೊಂಡಿದ್ದರು: ಹೊಳೆದದ್ದನ್ನು ಬರೆದಿಡಲು ಒಂದು ಕೋಣೆ, ಒಂದಿಷ್ಟು ಬಿಡುವು, ಬರೆದದ್ದನ್ನು ಓದಿ ಭೇಷ್ ಎನ್ನಲು ನಾಲ್ಕು ಜನ ಇದ್ದೇ ಇರುತ್ತಾರೆ. ಹೊಳೆಯುವುದಕ್ಕೂ ಬರೆಯುವುದಕ್ಕೂ ನಡುವೆ ಎಷ್ಟು ದೂರ ಎಂದು ಅವರು ಅಳೆಯಲಿಲ್ಲ. ಅಳೆಯುವ ಕಷ್ಟ ಅವರಿಗೆ ಬರಲಿಲ್ಲ.

ದಲಿತ ವಿಮರ್ಶೆ ಶುರುವಾಗಬೇಕಾದ್ದು ಆ ದೂರದಿಂದ. ಅದನ್ನು ಅಳೆಯಲು ನಾನು ಆರಿಸಿಕೊಂಡಿರುವುದು ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಈ ನಾಲ್ಕು ತಾಲ್ಲೂಕುಗಳನ್ನು. ಹಳೆಯ ಕೋಲಾರ ಜಿಲ್ಲೆಯವು. ೨೦೦೭ರಿಂದ ಚಿಕ್ಕಬಳ್ಳಾಪುರ ಜಿಲ್ಲೆಯವು. ವರ್ಷವಿಡೀ ಹರಿಯುವ ಹೊಳೆಯಿಲ್ಲದ, ಸಾವಿರ ಅಡಿ ಕೊರೆದು ನೀರಿಗೆ ಕಾಯುವ ಸೀಮೆ. ಇಲ್ಲಿನ ಕೇರಿಗಳ ಬಗ್ಗೆ ಮಾತಾಡುವಾಗ ‘ಅಲ್ಲಿ ಯಾರು ಬರೀತಾರೆ ಸ್ವಾಮಿ?’ ಎಂದು ಕೇಳುವವರುಂಟು. ಯಾರಿಗೆ ಹೊಳೆಯುವುದಿಲ್ಲ? ಶಿಡ್ಲಘಟ್ಟದ ಬಿಚ್ಚಾಣಿಕೆ ಮನೆಯಲ್ಲಿ ಕುದಿನೀರಿನ ಬೇಸಿನ್ ಮುಂದೆ ಕೂತು ಗೂಡಿನ ಎಳೆ ಹಿಡಿಯುವ ಹೆಣ್ಣುಮಗಳಿಗೂ ಹೊಳೆಯುತ್ತದೆ. ಆದರೆ ಎಳೆ ತುಂಡಾದರೆ ತಕ್ಷಣ ಸೇರಿಸಬೇಕು. ಕೈಗೆ ಬಿಡುವಿಲ್ಲ. ಬೆರಳ ತುದಿ ನೀರಲ್ಲಿ ಬೆಂದು ಬಿಳುಚಿಕೊಂಡಿರುತ್ತದೆ. ಆ ಕೈ ಸಂಜೆಗೆ ಪೆನ್ನು ಹಿಡಿಯಲಿಲ್ಲವೇಕೆ ಎಂದು ಕೇಳುವವರು ಮೊದಲು ಆ ಕೈಯನ್ನೊಮ್ಮೆ ನೋಡಬೇಕು.

ಗೂಡು ಬಹಳ ದಿನ ಕಾಯೋದಿಲ್ಲ ಅನ್ನೋದು ಆ ಊರಿನ ಮಕ್ಕಳಿಗೂ ಗೊತ್ತು. ಚಿಟ್ಟೆ ತೂತು ಮಾಡಿಕೊಂಡು ಹೊರಬಂದರೆ ಆ ಗೂಡಿನಿಂದ ನೂಲು ಬಿಚ್ಚಲಾಗದು. ಹೊಳೆದ ಮಾತಿಗೂ ಒಂದು ಅವಧಿ ಇರುತ್ತದೆ. ಯಾರಾದರೂ ಅಪ್ಪಣೆ ಕೊಡಲಿ ಎಂದು ಕಾಯುತ್ತಾ ಕೂತರೆ ಅದು ಕೈತಪ್ಪಿ ಹೋಗುತ್ತದೆ. ಹಾಗಾದರೆ ದಲಿತ ಲೇಖಕ ಯಾರ ಯಾರ ಅಪ್ಪಣೆಗಾಗಿ ಕಾಯುತ್ತಾ ಬಂದಿದ್ದಾನೆ? ಸ್ವತಂತ್ರ ಲೇಖಕ ಎಂಬ ಮಾತಿಗೆ ನಮ್ಮಲ್ಲಿ ಏನರ್ಥ? ಈ ಬರಹದ ಪ್ರಶ್ನೆ ಇಷ್ಟೇ.

೨

ನಮ್ಮ ಕೇರಿಯವರ ಬಾಯಲ್ಲಿ ಸ್ಫೂರ್ತಿ ಎಂಬ ಮಾತು ಬರುವುದಿಲ್ಲ. ‘ಮೈಮೇಲೆ ಬರೋದು’ ಎಂಬ ಮಾತು ಬರುತ್ತದೆ. ಜಾತ್ರೆಯ ದಿನ ಗಂಗಮ್ಮನೋ ಮಾರಮ್ಮನೋ ಮೈಮೇಲೆ ಬಂದ ಹೆಣ್ಣು ಊರ ಯಜಮಾನನನ್ನು ಏಕವಚನದಲ್ಲಿ ಕರೆಯುತ್ತಾಳೆ. ‘ಏನೋ, ನನ್ನ ದಾರಿಗೆ ಬೇಲಿ ಹಾಕಿದೀಯಾ?’ ಎಂದು ಗದರುತ್ತಾಳೆ. ಅವನು ಕೈಮುಗಿದು ‘ತಪ್ಪಾಯ್ತು ತಾಯಿ’ ಅನ್ನುತ್ತಾನೆ. ಕರ್ಪೂರ ಆರುತ್ತದೆ. ನಿಂಬೆಹಣ್ಣು ಕೊಟ್ಟು ದೇವರನ್ನು ಇಳಿಸುತ್ತಾರೆ. ಮಾರನೆ ಬೆಳಿಗ್ಗೆ ಅದೇ ಹೆಣ್ಣು ಅವನ ಕೊಟ್ಟಿಗೆಯ ಸಗಣಿ ಬಾಚಲು ಹೋಗುತ್ತಾಳೆ. ನೆನ್ನೆ ಆಡಿದ ಮಾತಿಗೆ ಅವಳಿಗೆ ಶಿಕ್ಷೆ ಇಲ್ಲ. ಯಾಕೆಂದರೆ ಆಡಿದವಳು ಅವಳಲ್ಲ, ದೇವರು. ಆ ಮಾತಿನಿಂದ ಅವಳಿಗೆ ಫಲವೂ ಇಲ್ಲ. ಬೇಲಿ ಅಲ್ಲೇ ಇರುತ್ತದೆ.

ಸಿದ್ಧಲಿಂಗಯ್ಯನವರ ‘ಅವತಾರಗಳು’ (೧೯೮೧) ಗ್ರಾಮದೇವತೆಗಳ ಈ ಲೋಕವನ್ನು ನಗುನಗುತ್ತಲೇ ಬಿಚ್ಚಿಟ್ಟಿತು. ದಲಿತ ಚಳವಳಿ ತನ್ನದೇ ದೇವತೆ, ಕಥೆ, ಕುಣಿತಗಳನ್ನು ಅವಮಾನದ ಗುರುತುಗಳೆಂದು ದೂರ ತಳ್ಳಿ ಬರಿಗೈಯಾಯಿತು ಎಂಬ ಅರ್ಥದ ವಾದವನ್ನು ಡಿ.ಆರ್. ನಾಗರಾಜ್ ೧೯೯೩ರ ‘ದಿ ಫ್ಲೇಮಿಂಗ್ ಫೀಟ್’ ಎಂಬ ಇಂಗ್ಲಿಷ್ ಪುಸ್ತಕದಲ್ಲಿ ಮುಂದಿಟ್ಟರು. ಆ ವಾದಕ್ಕೆ ನಾವು ಋಣಿಗಳು. ಆದರೆ ಅದಕ್ಕೆ ಒಂದು ಮಾತು ಸೇರಿಸಬೇಕಾಗಿದೆ. ಮೈಮೇಲೆ ಬಂದ ಮಾತು ಎಷ್ಟೇ ಉರಿಯಾಗಿರಲಿ, ಅದಕ್ಕೆ ಸಹಿ ಇಲ್ಲ. ಆಡುವ ಮೈ ಒಬ್ಬರದು, ಹೆಸರು ಇನ್ನೊಬ್ಬರದು. ಊರು ಅದನ್ನು ಸಹಿಸುವುದು ಅದಕ್ಕಾಗಿಯೇ. ವರ್ಷಕ್ಕೊಂದು ದಿನ, ಒಂದು ಗಳಿಗೆ, ದೇವರ ಹೆಸರಿನಲ್ಲಿ ಬೈದುಕೊಳ್ಳಿ ಎಂಬ ರಿಯಾಯಿತಿ ಅದು.

ಹಾಗಾದರೆ ಕೇರಿಗೆ ಸಹಿ ಎಂಬುದು ಯಾವತ್ತೂ ಗೊತ್ತಿರಲಿಲ್ಲವೇ? ಗೊತ್ತಿತ್ತು, ಹೆಬ್ಬೆಟ್ಟಿನ ರೂಪದಲ್ಲಿ. ಸಾಲದ ಪತ್ರದ ಮೇಲೆ, ಜೀತದ ಕರಾರಿನ ಮೇಲೆ, ಯಾರೋ ಬರೆದ, ತಾನು ಓದಲಾಗದ ಕಾಗದದ ಕೆಳಗೆ ಒತ್ತಿದ ಗುರುತು. ಜೀತ ಪದ್ಧತಿಯನ್ನು ಕಾನೂನು ರದ್ದು ಮಾಡಿದ್ದು ೧೯೭೬ರಲ್ಲಿ. ಅಂದರೆ ಇವತ್ತು ಬರೆಯುತ್ತಿರುವ ಹಲವರ ಅಪ್ಪ ಅಜ್ಜಂದಿರಿಗೆ ಕಾಗದದ ಮೇಲಿನ ಗುರುತೆಂದರೆ ಮೈಯನ್ನು ಅಡವಿಡುವ ಗುರುತು. ಆ ಮನೆಯ ಮಗಳು ತನ್ನ ಪದ್ಯದ ಕೆಳಗೆ ತನ್ನ ಹೆಸರು ಬರೆದಾಗ ಅಲ್ಲಿ ಎರಡು ಕೆಲಸ ಆಗುತ್ತವೆ. ದೇವರ ಹೆಸರಲ್ಲಿ ಆಡಿದ್ದನ್ನು ಅವಳು ತನ್ನ ಹೆಸರಲ್ಲಿ ಆಡುತ್ತಾಳೆ. ಅಪ್ಪ ಒತ್ತಿದ ಹೆಬ್ಬೆಟ್ಟಿಗೆ ತಿರುಗಿ ಉತ್ತರ ಕೊಡುತ್ತಾಳೆ. ಸಾಹಿತ್ಯದಲ್ಲಿ ಇದಕ್ಕಿಂತ ದೊಡ್ಡ ‘ಪ್ರಯೋಗ’ ನಮಗೆ ಬೇಕಿಲ್ಲ.

ಅಂಕಿತದ ಸಂಪ್ರದಾಯ ನಮ್ಮಲ್ಲಿ ಇತ್ತಲ್ಲ ಎಂದು ಕೇಳಬಹುದು. ಇತ್ತು. ಚಿಂತಾಮಣಿ ತಾಲ್ಲೂಕಿನ ಕೈವಾರದ ನಾರೇಯಣಪ್ಪನವರು ಬಳೆ ಮಾರುತ್ತಾ ಊರೂರು ಅಲೆದವರು, ತೆಲುಗು ಕನ್ನಡ ಎರಡರಲ್ಲೂ ಪದ ಕಟ್ಟಿದವರು, ಅಮರ ನಾರೇಯಣನ ಅಂಕಿತ ಇಟ್ಟವರು. ಅವರು ದಲಿತರಲ್ಲ. ಆದರೂ ಆಸ್ಥಾನ, ಮಠ, ಪಂಡಿತರ ಅಪ್ಪಣೆ ಕೇಳದೆ ಬಳೆ ಮಲಾರದ ಜೊತೆಯಲ್ಲೇ ಪದ ಹೊತ್ತು ನಡೆದರು. ಅಲ್ಲೂ ಅಂಕಿತ ದೇವರದೇ. ವಚನಕಾರರಲ್ಲಿ ಮಾದಾರ ಚೆನ್ನಯ್ಯ ತನ್ನ ಅಂಕಿತದೊಳಗೆ ಚರ್ಮಗೆಲಸದ ಉಳಿ, ಕತ್ತಿಗಳನ್ನು ತಂದಿಟ್ಟ. ದೇವರ ಹೆಸರಿನ ಪಕ್ಕದಲ್ಲಿ ಹತಾರ ಬಂತು. ಇನ್ನು ಬರಬೇಕಾಗಿದ್ದದ್ದು ಹತಾರ ಹಿಡಿದವನ ಹೆಸರು. ಅದು ಬರಲು ಎಂಟು ಶತಮಾನ ಬೇಕಾಯಿತು.

೩

೧೯೭೩ರಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಎಂಬರ್ಥದ ಮಾತಾಡಿದರು. ಮಂತ್ರಿ ಪದವಿ ಬಿಡಬೇಕಾಯಿತು. ದಲಿತನೊಬ್ಬ ಸಾಹಿತ್ಯದ ಬಗ್ಗೆ ತೀರ್ಪು ಹೇಳುವುದೇ ಅಪರಾಧವಾಗಿ ಕಂಡ ದಿನಗಳು ಅವು. ಕನ್ನಡದಲ್ಲಿ ದಲಿತ ವಿಮರ್ಶೆಯ ಜನ್ಮದಿನ ಹುಡುಕುವವರು ಅಲ್ಲಿ ಹುಡುಕಲಿ. ೧೯೭೯ರಲ್ಲಿ ಧರ್ಮಸ್ಥಳದ ಸಾಹಿತ್ಯ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೊಂದು ಗೋಷ್ಠಿ ಕೊಡಿ ಎಂದರೆ ಕೊಡಲಿಲ್ಲ. ಕೊಡದಿದ್ದದ್ದು ಒಳ್ಳೆಯದೇ ಆಯಿತು. ಅದೇ ಮಾರ್ಚ್ ತಿಂಗಳಲ್ಲಿ ಬೆಂಗಳೂರಿನಲ್ಲಿ ಬಂಡಾಯ ಸಾಹಿತ್ಯ ಸಮ್ಮೇಳನ ನಡೆಯಿತು. ಅಪ್ಪಣೆ ಸಿಗದಾಗ ಅಪ್ಪಣೆ ಬೇಕಿಲ್ಲ ಎಂಬುದು ಗೊತ್ತಾಗುತ್ತದೆ. ಕೇಳಿದ ಕೂಡಲೇ ಒಂದು ಗೋಷ್ಠಿ, ಒಂದು ಹಾರ, ಒಂದು ಶಾಲು ಸಿಕ್ಕಿದ್ದರೆ ಎಷ್ಟು ಜನ ಅಲ್ಲೇ ತೃಪ್ತರಾಗಿಬಿಡುತ್ತಿದ್ದರೋ.

ಚಳವಳಿ ನಮಗೆ ಬಾಯಿ ಕೊಟ್ಟಿತು. ದಲಿತ ಸಂಘರ್ಷ ಸಮಿತಿ ಇಲ್ಲದಿದ್ದರೆ ಈ ನಾಲ್ಕು ತಾಲ್ಲೂಕಿನ ಎಷ್ಟೋ ಹುಡುಗರು ಮೈಕು ಹಿಡಿಯುತ್ತಿರಲಿಲ್ಲ, ತಮಟೆಯನ್ನು ತಲೆಯೆತ್ತಿ ಬಡಿಯುತ್ತಿರಲಿಲ್ಲ. ಇದನ್ನು ಹೇಳಿದ ಮೇಲೆಯೇ ಇನ್ನೊಂದನ್ನು ಹೇಳಬೇಕು. ಚಳವಳಿಯೂ ಬರೆಯುವವನಿಗೆ ಅಪ್ಪಣೆ ಕೊಡುವ ಜಾಗವಾಯಿತು. ‘ನಾಳೆ ಜಾಥಾ ಇದೆ, ಒಂದು ಹಾಡು ಬರಕೊಡಪ್ಪ’ ಎಂದಾಗ ಬರೆದುಕೊಟ್ಟ ಹಾಡುಗಳಲ್ಲಿ ಎಷ್ಟೋ ಒಳ್ಳೆಯವು ಇವೆ. ಆದರೆ ಜಾಥಾಕ್ಕೆ ಒದಗದ ನೋವು ಎಲ್ಲಿಗೆ ಹೋಗಬೇಕು? ಗಂಡನ ಹೊಡೆತ, ಹೊಲೆಯ-ಮಾದಿಗರ ನಡುವಿನ ಬೇಲಿ, ಕುಡಿದು ಬಂದ ಸಂಘಟಕನ ಮನೆಯ ಮಕ್ಕಳ ಹಸಿವು ಇವನ್ನೆಲ್ಲ ಬರೆಯಹೊರಟವನಿಗೆ ‘ಈಗ ಬೇಡ, ಶತ್ರುಗಳಿಗೆ ಅಸ್ತ್ರ ಕೊಟ್ಟಂತಾಗುತ್ತೆ’ ಎಂಬ ಮಾತು ಕೇಳಿಬರುತ್ತಿತ್ತು. ಕಾರಣ ಸರಿಯೇ ಇರಬಹುದು. ಆದರೂ ಅದು ಅಪ್ಪಣೆಯೇ.

ಸಿದ್ಧಲಿಂಗಯ್ಯನವರನ್ನೇ ನೋಡಿ. ೧೯೭೫ರ ‘ಹೊಲೆಮಾದಿಗರ ಹಾಡು’ ಬಂದ ಮೇಲೆ ಅವರ ಹಾಡುಗಳು ನಾಡಿನ ಕೇರಿಕೇರಿಯಲ್ಲಿ ಹಾಡಾದವು. ಹಾಡಿದವರಲ್ಲಿ ಎಷ್ಟೋ ಮಂದಿಗೆ ಬರೆದವರು ಯಾರೆಂದು ಗೊತ್ತಿರಲಿಲ್ಲ. ಹಾಡಿಗೆ ಅದು ಗೌರವ. ೧೯೯೬ರಲ್ಲಿ ‘ಊರುಕೇರಿ’ಯ ಮೊದಲ ಭಾಗ ಬಂತು. ಅಲ್ಲಿ ಹಸಿವಿದೆ, ಅವಮಾನವಿದೆ, ಜೊತೆಗೆ ಯಾರೂ ಕೇಳದಿದ್ದ ಒಂದು ನಗುವಿದೆ. ಚಳವಳಿ ಅವರಿಂದ ಬೇಡಿದ್ದು ಕಿಚ್ಚು. ನಗುವನ್ನು ಯಾವ ಸಮಿತಿಯೂ ನಿರ್ಣಯ ಮಾಡಿ ಬೇಡಿರಲಿಲ್ಲ. ಕಿಚ್ಚಿನ ಕವಿ ಯಾಕೆ ಹೀಗೆ ನಗುತ್ತಾನೆ ಎಂದು ಮುಖ ಗಂಟಿಕ್ಕುವುದು ಸುಲಭ. ಬಡವನ ನಗುವನ್ನು ಬಡವನೇ ಬರೆದಾಗ ಊರಿಗೆ ಆಗುವ ಇರಿಸುಮುರಿಸನ್ನು ಗುರುತಿಸುವುದು ವಿಮರ್ಶೆಯ ಕೆಲಸ. ಕವಿಯಾಗಿ ಅವರು ಚಳವಳಿಯವರು. ‘ಊರುಕೇರಿ’ಯ ಲೇಖಕರಾಗಿ ತಮ್ಮ ಸಹಿಗೆ ತಾವೇ ಜವಾಬ್ದಾರರು. ಎರಡೂ ಬೇಕು. ಮೊದಲನೆಯದನ್ನು ಮಾತ್ರ ದಲಿತ ಸಾಹಿತ್ಯವೆಂದು ಕರೆದರೆ ನಮ್ಮ ಮನೆಯನ್ನು ನಾವೇ ಚಿಕ್ಕದು ಮಾಡಿಕೊಂಡಂತೆ.

ಪಕ್ಕದ ಕೋಲಾರದಲ್ಲಿ ಕೋಟಿಗಾನಹಳ್ಳಿ ರಾಮಯ್ಯನವರು ಇನ್ನೊಂದು ದಾರಿ ತೋರಿಸಿದರು. ಚಳವಳಿಗೆ ಹಾಡು ಬರೆದವರು, ನಾಟಕ ಕಟ್ಟಿದವರು ತೇರಹಳ್ಳಿ ಬೆಟ್ಟ ಹತ್ತಿ ಗೆಳೆಯರ ಸಣ್ಣಪುಟ್ಟ ಉಳಿತಾಯದಿಂದ ‘ಆದಿಮ’ ಕಟ್ಟಿದರು. ಅಲ್ಲಿ ಹುಣ್ಣಿಮೆಗೊಮ್ಮೆ ಹಾಡು, ನಾಟಕ ನಡೆಯತೊಡಗಿತು. ಸಂಘಟನೆ ಬಿಟ್ಟು ಬೆಟ್ಟ ಹತ್ತಿದ್ದು ಸರಿಯೇ ಎಂದು ಜಗಳ ಮಾಡುವವರು ಮಾಡಲಿ. ಹಾಡಿಗೂ ನಾಟಕಕ್ಕೂ ತನ್ನದೇ ನೆಲ ಬೇಕು, ಬೇರೆಯವರ ವೇದಿಕೆಯಲ್ಲಿ ಕೊನೆಯ ಹದಿನೈದು ನಿಮಿಷ ಸಾಲದು ಎಂಬುದನ್ನು ಅದು ತೋರಿಸಿತು.

೪

ಈ ನಾಲ್ಕು ತಾಲ್ಲೂಕುಗಳಿಗೆ ಎದುರಾಗುವ, ದಲಿತ ವಿಮರ್ಶೆ ಇನ್ನೂ ಸರಿಯಾಗಿ ಎತ್ತಿಕೊಳ್ಳದ ಒಂದು ತೊಡಕಿದೆ. ಇಲ್ಲಿನ ಬಹಳಷ್ಟು ಕೇರಿಗಳಲ್ಲಿ ಮನೆಮಾತು ತೆಲುಗು. ಲಾಲಿ ತೆಲುಗಿನದು, ಬೈಗುಳ ತೆಲುಗಿನದು, ಸತ್ತಾಗ ಅಳುವ ಅಳು ತೆಲುಗಿನದು. ಕನ್ನಡ ಬರುವುದು ಇಸ್ಕೂಲಿನಿಂದ, ಬಸ್ಸಿನ ಬೋರ್ಡಿನಿಂದ, ತಾಲ್ಲೂಕು ಕಚೇರಿಯಿಂದ. ಅಂದರೆ ಹೊಳೆಯುವ ಭಾಷೆ ಒಂದು, ಬರೆಯುವ ಭಾಷೆ ಇನ್ನೊಂದು.

ಕನ್ನಡದ ದಲಿತ ವಿಮರ್ಶೆ ದೇಸಿ, ಆಡುಮಾತು, ನೆಲದ ನುಡಿ ಎಂದು ಬಹಳ ಮಾತಾಡಿದೆ. ಆ ಮಾತಿನ ಹಿಂದೆ ಇರುವುದು ಬಹುಪಾಲು ನಂಜನಗೂಡು ಸೀಮೆಯ ನುಡಿ, ದೇವನೂರ ಮಹಾದೇವರ ‘ಒಡಲಾಳ’, ‘ಕುಸುಮಬಾಲೆ’ಗಳ ನುಡಿ. ‘ಕುಸುಮಬಾಲೆ’ಗೆ ೧೯೯೦ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಆ ನುಡಿ ಅವರಿಗೆ ತಾಯಿಯ ಹಾಲಿನ ಜೊತೆ ಬಂದದ್ದು. ಗೌರಿಬಿದನೂರಿನ ಹುಡುಗ ಅದೇ ನುಡಿಯಲ್ಲಿ ಕತೆ ಬರೆಯಹೊರಟರೆ ಏನಾಗುತ್ತದೆ? ಅವನ ಅವ್ವ ಯಾವತ್ತೂ ಆಡದ ಮಾತನ್ನು ಕತೆಯ ಅವ್ವ ಆಡುತ್ತಾಳೆ. ಶಿಷ್ಟ ಕನ್ನಡದ ಅಪ್ಪಣೆಯಿಂದ ತಪ್ಪಿಸಿಕೊಂಡವನು ದಲಿತ ಕನ್ನಡದ ಅಪ್ಪಣೆಗೆ ಸಿಕ್ಕಿಕೊಳ್ಳುತ್ತಾನೆ. ಇದರಲ್ಲಿ ದೇವನೂರರ ತಪ್ಪೇನಿಲ್ಲ. ಒಬ್ಬ ದೊಡ್ಡ ಲೇಖಕನ ನುಡಿಯನ್ನೇ ಅಳತೆಗೋಲು ಮಾಡಿಕೊಂಡ ನಮ್ಮ ವಿಮರ್ಶೆಯ ಸೋಮಾರಿತನ ಅದು.

ಕೈವಾರದ ನಾರೇಯಣಪ್ಪನವರಿಗೆ ಈ ಭಯ ಇರಲಿಲ್ಲ. ಯಾವ ಪದ ಯಾವ ಭಾಷೆಯಲ್ಲಿ ಬಂತೋ ಆ ಭಾಷೆಯಲ್ಲಿ ಹಾಡಿದರು. ನಮ್ಮ ಹುಡುಗರಿಗೆ ಆ ಧೈರ್ಯ ಬೇಕು. ಗೌರಿಬಿದನೂರಿನ ಆಚೆ ಹಿಂದೂಪುರ. ಗಡಿ ದಾಟಿದರೆ ಗುರ್ರಂ ಜಾಷುವಾ ಇದ್ದಾರೆ. ೧೯೪೧ರಲ್ಲಿ ಬಂದ ಅವರ ‘ಗಬ್ಬಿಲಂ’ ಕಾವ್ಯದಲ್ಲಿ ಗುಡಿಯೊಳಗೆ ಕಾಲಿಡಲಾಗದ ಅಸ್ಪೃಶ್ಯ ತನ್ನ ದುಃಖವನ್ನು ಶಿವನಿಗೆ ಮುಟ್ಟಿಸಲು ಬಾವಲಿಯನ್ನು ಕಳಿಸುತ್ತಾನೆ. ಮನುಷ್ಯನಿಗಿಲ್ಲದ ಪ್ರವೇಶ ಬಾವಲಿಗಿದೆ. ಕಾಳಿದಾಸನ ಮೋಡಕ್ಕೆ ಜಾಷುವಾ ಕೊಟ್ಟ ಉತ್ತರ ಅದು. ೧೯೮೫ರ ಕಾರಂಚೇಡು ಹತ್ಯಾಕಾಂಡದ ನಂತರ ತೆಲುಗಿನಲ್ಲಿ ದಲಿತ ಕಾವ್ಯದ ದೊಡ್ಡ ಅಲೆ ಎದ್ದಿತು; ೧೯೯೫ರಲ್ಲಿ ‘ಚಿಕ್ಕನವುತುನ್ನ ಪಾಟ’ ಎಂಬ ಸಂಕಲನ ಬಂತು. ಗದ್ದರ್ ಹಾಡಿಗೆ ಗಡಿ ಇರಲಿಲ್ಲ. ೨೦೨೩ರಲ್ಲಿ ಅವರು ತೀರಿಕೊಂಡಾಗ ನಮ್ಮ ಕಡೆಯ ಹಾಡುಗಾರರೂ ತಮ್ಮವರನ್ನೇ ಕಳಕೊಂಡಂತೆ ಅತ್ತರು. ಕನ್ನಡ ಎಂ.ಎ. ಪಠ್ಯದಲ್ಲಿ ಇಲ್ಲ ಎಂಬ ಕಾರಣಕ್ಕೆ ಈ ಪರಂಪರೆ ಚಿಂತಾಮಣಿಯ ಲೇಖಕನದಲ್ಲವೇ? ಅವನಿಗೆ ಎರಡು ಮನೆಗಳಿವೆ. ಒಂದು ಮನೆಯನ್ನು ಮುಚ್ಚಿಟ್ಟು ಬರೆದರೆ ಬರವಣಿಗೆ ಅರ್ಧವಾಗುತ್ತದೆ. ಕನ್ನಡದ ವಾಕ್ಯದೊಳಗೆ ತೆಲುಗಿನ ಅಳು ಬಂದರೆ ಬರಲಿ. ಅಡಿಟಿಪ್ಪಣಿ ಹಾಕಬೇಕಾದ ಹೊರೆ ಅವನದಲ್ಲ.

೫

ಇದೇ ಸೀಮೆಯಲ್ಲಿ, ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ, ೨೦೦೦ದ ಮಾರ್ಚ್ ೧೧ರಂದು ಏಳು ಜನ ದಲಿತರನ್ನು ಸುಟ್ಟು ಕೊಂದರು. ಸಾಕ್ಷಿಗಳು ತಿರುಗಿ ನಿಂತರು. ೨೦೦೬ರಲ್ಲಿ ವಿಚಾರಣಾ ನ್ಯಾಯಾಲಯ ಆರೋಪಿಗಳನ್ನು ಬಿಡುಗಡೆ ಮಾಡಿತು. ೨೦೧೪ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಏಳು ಜನ ಬೆಂದದ್ದು ನಿಜ; ಕಾನೂನಿನ ಕಣ್ಣಿನಲ್ಲಿ ಬೇಯಿಸಿದವರು ಯಾರೂ ಇಲ್ಲ.

ಸಹಿಯ ಪ್ರಶ್ನೆ ಇಲ್ಲಿ ಸಾಹಿತ್ಯದ ಪ್ರಶ್ನೆಯಾಗಿ ಉಳಿಯುವುದಿಲ್ಲ, ಪ್ರಾಣದ ಪ್ರಶ್ನೆಯಾಗುತ್ತದೆ. ಕಟಕಟೆಯಲ್ಲಿ ನಿಂತು ‘ನಾನು ಕಂಡೆ’ ಎನ್ನುವುದು ತನ್ನ ಹೆಸರಿನಲ್ಲಿ ಮಾತಾಡುವ ಅತಿ ಕಷ್ಟದ ರೂಪ. ಹೇಳಿಕೆ ಬದಲಿಸಿದವರನ್ನು ಹೇಡಿಗಳೆನ್ನುವ ಹಕ್ಕು ದೂರದಲ್ಲಿ ಕೂತು ಬರೆಯುವ ನಮಗಿಲ್ಲ. ಅವರು ಮರುದಿನವೂ ಕೂಲಿ ಕೇಳಬೇಕಾದವರು, ಅದೇ ಬಾವಿ, ಅದೇ ದಾರಿ, ಅದೇ ಬಸ್ ನಿಲ್ದಾಣದಲ್ಲಿ ಬದುಕಬೇಕಾದವರು. ಅವರ ಮಾತಿಗೆ ಕಾವಲಾಗಿ ನಿಲ್ಲಬೇಕಾಗಿದ್ದ ಸರ್ಕಾರ ನಿಲ್ಲಲಿಲ್ಲ.

ಆದರೆ ಬರೆಯುವವರು ಏನು ಮಾಡಿದೆವು? ಕೀಳ್ವೆಣ್ಮಣಿ, ಬೆಲ್ಚಿ, ಕಾರಂಚೇಡು, ಚುಂಡೂರು, ಬದನವಾಳು, ಕಂಬಾಲಪಲ್ಲಿ, ಖೈರ್ಲಾಂಜಿ ಎಂದು ಊರುಗಳ ಹೆಸರನ್ನು ಒಂದರ ಕೆಳಗೊಂದು ಜೋಡಿಸಿ ಪದ್ಯ ಮಾಡುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ಮೊದಲು ಹಾಗೆ ಬರೆದವರಿಗೆ ಆ ಪಟ್ಟಿ ಒಂದು ಉರಿ. ಇವತ್ತು ಅದು ಕವಿಗೋಷ್ಠಿಯ ವಾಡಿಕೆ. ಪಟ್ಟಿಯೊಳಗೆ ಕಂಬಾಲಪಲ್ಲಿ ಒಂದು ಪದವಾಗುತ್ತದೆ, ಊರಾಗಿ ಉಳಿಯುವುದಿಲ್ಲ. ಆ ಮನೆಯಲ್ಲಿ ಆ ರಾತ್ರಿ ಒಲೆಯ ಮೇಲೆ ಏನಿತ್ತು, ಅವರು ಯಾವ ಮಾತಿನಲ್ಲಿ ಕೂಗಿದರು, ಉಳಿದವರು ಆಮೇಲೆ ಯಾವ ಊರಿಗೆ ಹೋಗಿ ಹೇಗೆ ಬದುಕಿದರು ಎಂಬುದು ಪಟ್ಟಿಯಲ್ಲಿ ಹಿಡಿಸುವುದಿಲ್ಲ. ಅದನ್ನು ಬರೆಯಬೇಕಾದರೆ ಆ ಊರಿಗೆ ಹೋಗಿ ಕೂರಬೇಕು, ಉಳಿದವರ ಒಪ್ಪಿಗೆ ಪಡೆಯಬೇಕು, ಅವರಿಗೆ ತೊಂದರೆಯಾಗುವುದನ್ನು ಬಿಡಬೇಕು, ಬರೆದದ್ದನ್ನು ಮೊದಲು ಅವರಿಗೇ ಓದಿ ಹೇಳಬೇಕು. ವರ್ಷಗಟ್ಟಲೆಯ ಕೆಲಸ ಅದು. ಯಾವ ಸಂಘಟನೆಯೂ, ಯಾವ ಅಕಾಡೆಮಿಯೂ ಹೇಳಿ ಮಾಡಿಸುವ ಕೆಲಸವಲ್ಲ. ಒಳಗಿನಿಂದ ನೂಕಿದವರು ಮಾತ್ರ ಮಾಡಿಯಾರು. ಕೋರ್ಟಿನಲ್ಲಿ ಕಳೆದುಹೋದ ಸಾಕ್ಷ್ಯಕ್ಕೆ ಇನ್ನೆಲ್ಲಾದರೂ ಜಾಗ ಇದ್ದರೆ ಅದು ಅಂಥ ಬರವಣಿಗೆಯಲ್ಲಿದೆ.

ಇಲ್ಲಿ ಒಂದು ಅಪ್ಪಣೆ ಮಾತ್ರ ಬೇಕೇ ಬೇಕು: ನೋವು ಯಾರದೋ ಅವರದು. ಸ್ಫೂರ್ತಿ ಕೇರಿಯದು, ಸಹಿ ಬರೆದವನದು. ಕೇರಿಯಿಂದ ಪಡೆದು ಕೇರಿಗೆ ಲೆಕ್ಕ ಕೊಡದವನು ಸ್ವತಂತ್ರ ಲೇಖಕನಲ್ಲ, ಹೊಸ ಸಾಹುಕಾರ.

೬

ಅನ್ನದ ಪ್ರಶ್ನೆಗೆ ಬರೋಣ. ಬರವಣಿಗೆಯಿಂದಲೇ ಬದುಕುವ ದಲಿತ ಲೇಖಕ ನಮ್ಮಲ್ಲಿ ಬೆರಳೆಣಿಕೆಗೂ ಸಿಗುವುದು ಕಷ್ಟ. ಮೊದಲ ತಲೆಮಾರು ಬರೆಯಲು ಸಾಧ್ಯವಾದದ್ದು ಮೀಸಲಾತಿಯಿಂದ ಸಿಕ್ಕ ಮೇಷ್ಟ್ರ ಕೆಲಸ, ಬ್ಯಾಂಕಿನ ಕೆಲಸ, ಕಚೇರಿ ಗುಮಾಸ್ತಿಕೆಯಿಂದ. ಕೆಲಸದ ಜೊತೆಗೆ ಸರ್ಕಾರಿ ನೌಕರರ ನಡತೆ ನಿಯಮಗಳೂ ಬಂದವು. ಸರ್ಕಾರವನ್ನು ಟೀಕಿಸಬಾರದು. ತಿಂಗಳ ಸಂಬಳ ಕೊಟ್ಟು ಕಾಗದ ಪೆನ್ನು ಕೊಂಡುಕೊಳ್ಳುವ ಶಕ್ತಿ ಕೊಟ್ಟ ಕೈಯೇ ಬರೆಯುವ ಕೈಯನ್ನೂ ಹಿಡಿದುಕೊಂಡಿತು. ನಾವು ಇದನ್ನು ಗೊಣಗುತ್ತೇವೆ. ವಿಮರ್ಶೆಯ ವಿಷಯ ಮಾಡುವುದಿಲ್ಲ. ಒಬ್ಬ ಕವಿ ರೂಪಕದ ಹಿಂದೆ ಯಾಕೆ ಅಡಗಿದ ಎಂದು ವಿವರಿಸುವಾಗ ಅವನ ಶೈಲಿಯನ್ನಷ್ಟೇ ನೋಡಿದರೆ ಸಾಲದು. ಅವನ ಸೇವಾ ಪುಸ್ತಕವನ್ನೂ ನೋಡಬೇಕು.

ವಿಶೇಷ ಘಟಕ ಯೋಜನೆಯ ಹಣದಲ್ಲಿ ಶಿಬಿರ, ಕಮ್ಮಟ, ಪುಸ್ತಕ ಪ್ರಕಟಣೆಗಳು ನಡೆದಿವೆ. ಅದು ನಮ್ಮ ಹಕ್ಕಿನ ಹಣ, ಪಡೆದುಕೊಳ್ಳಬೇಕು. ಆದರೆ ಮಾರ್ಚ್ ತಿಂಗಳೊಳಗೆ ಖರ್ಚಾಗಬೇಕೆಂದು ತರಾತುರಿಯಲ್ಲಿ ಅಚ್ಚಾದ ಪುಸ್ತಕ ಗೋಡೌನಿನಲ್ಲಿ ಗೆದ್ದಲಿಗೆ ಆಹಾರವಾದರೆ ಅದನ್ನು ಪ್ರಕಟಣೆ ಎನ್ನಲಾಗದು. ಓದುವವನ ಕೈಗೆ ಮುಟ್ಟಿದಾಗ ಪ್ರಕಟಣೆ. ಲೈಬ್ರರಿ ಖರೀದಿಯನ್ನೇ ನೆಚ್ಚಿಕೊಂಡು ಅಚ್ಚು ಹಾಕಿಸಿದರೆ ಓದುಗ ಯಾರು ಎಂಬ ಪ್ರಶ್ನೆಯೇ ಮರೆತುಹೋಗುತ್ತದೆ.

ಅಂಬೇಡ್ಕರ್ ಅವರ ಉದಾಹರಣೆ ನಮ್ಮ ಕಣ್ಣೆದುರಿಗಿದೆ. ೧೯೩೬ರಲ್ಲಿ ಲಾಹೋರಿನ ಜಾತ್-ಪಾತ್ ತೋಡ್ಕ್ ಮಂಡಲ ಅವರನ್ನು ಅಧ್ಯಕ್ಷ ಭಾಷಣಕ್ಕೆ ಕರೆಯಿತು. ಭಾಷಣದ ಪ್ರತಿ ನೋಡಿ ಬೆಚ್ಚಿ, ಕೆಲವು ಭಾಗ ತೆಗೆಯಿರಿ ಎಂದಿತು. ಒಂದು ಅಲ್ಪವಿರಾಮವನ್ನೂ ಬದಲಿಸಲಾರೆ ಎಂದು ಅವರು ಬರೆದರು. ಸಮ್ಮೇಳನವೇ ರದ್ದಾಯಿತು. ಅವರು ಆ ಭಾಷಣವನ್ನು ತಮ್ಮ ಖರ್ಚಿನಲ್ಲೇ ಅಚ್ಚು ಹಾಕಿಸಿದರು: ‘ಜಾತಿ ವಿನಾಶ’. ೧,೫೦೦ ಪ್ರತಿಗಳು ಎರಡೇ ತಿಂಗಳಲ್ಲಿ ಮುಗಿದವು. ಆಡದೇ ಉಳಿದ ಆ ಭಾಷಣ ಆಡಿದ ಸಾವಿರ ಭಾಷಣಗಳನ್ನು ಮೀರಿ ಇವತ್ತಿಗೂ ಓದಿಸಿಕೊಳ್ಳುತ್ತಿದೆ. ಅದಕ್ಕೂ ಮುಂಚೆ ‘ಮೂಕನಾಯಕ’ (೧೯೨೦), ‘ಬಹಿಷ್ಕೃತ ಭಾರತ’ (೧೯೨೭) ಪತ್ರಿಕೆಗಳನ್ನು ಕಟ್ಟಿದ ಅನುಭವ ಅವರ ಬೆನ್ನಿಗಿತ್ತು. ವೇದಿಕೆ ತಪ್ಪಿದರೆ ಅಚ್ಚಿನ ಮನೆ ಇದೆ ಎಂಬುದು ಅವರಿಗೆ ಗೊತ್ತಿತ್ತು.

ನಮ್ಮ ಕಾಲದಲ್ಲಿ ದೇವನೂರ ಮಹಾದೇವ ಇನ್ನೊಂದು ಬಗೆಯಲ್ಲಿ ಇದನ್ನೇ ಮಾಡಿದರು. ‘ದ್ಯಾವನೂರು’ (೧೯೭೩), ‘ಒಡಲಾಳ’, ‘ಕುಸುಮಬಾಲೆ’ ಹೀಗೆ ತೆಳ್ಳನೆಯ ಮೂರು ಪುಸ್ತಕ ಬರೆದು ಕತೆಯ ವಿಷಯದಲ್ಲಿ ಹೆಚ್ಚುಕಮ್ಮಿ ಸುಮ್ಮನಾದರು. ಯಾಕೆ ಬರೆಯುತ್ತಿಲ್ಲ ಎಂದು ಕೇಳದವರಿಲ್ಲ. ಒಳಗಿನಿಂದ ಬರದಿದ್ದಾಗ ಬರೆಯದಿರುವುದೂ ಸ್ವಾತಂತ್ರ್ಯವೇ. ೨೦೧೫ರಲ್ಲಿ ಪದ್ಮಶ್ರೀ, ಅಕಾಡೆಮಿ ಪ್ರಶಸ್ತಿ ಎರಡನ್ನೂ ವಾಪಸು ಕೊಟ್ಟರು. ೨೦೨೨ರಲ್ಲಿ ‘ಆರೆಸ್ಸೆಸ್: ಆಳ ಮತ್ತು ಅಗಲ’ ಎಂಬ ಪುಟ್ಟ ಪುಸ್ತಕ ಬರೆದು ಒಬ್ಬ ಪ್ರಕಾಶಕನ ಕೈಗೆ ಕೊಡಲಿಲ್ಲ, ಬೇರೆ ಬೇರೆ ಊರಿನ ಹಲವು ಸಣ್ಣ ಪ್ರಕಾಶಕರು, ಗುಂಪುಗಳು ಅಚ್ಚು ಹಾಕಿಕೊಳ್ಳಲಿ ಎಂದು ಬಿಟ್ಟರು. ಕೆಲವೇ ತಿಂಗಳಲ್ಲಿ ಅದು ಲಕ್ಷ ಪ್ರತಿ ದಾಟಿತು. ಪುಸ್ತಕದ ವಾದವನ್ನು ಒಪ್ಪುವುದು ಬಿಡುವುದು ಓದುಗರಿಗೆ ಬಿಟ್ಟದ್ದು. ಆ ಹಂಚಿಕೆಯ ರೀತಿಯಲ್ಲಿ ನಮಗೆ ಪಾಠವಿದೆ. ಸಹಿ ಒಬ್ಬರದು, ಅಚ್ಚು ಹಲವರದು. ಚಿಕ್ಕಬಳ್ಳಾಪುರದ ಒಂದು ಗುಂಪು, ಶಿಡ್ಲಘಟ್ಟದ ಇನ್ನೊಂದು ಗುಂಪು ಇನ್ನೂರು ಇನ್ನೂರು ಪ್ರತಿ ಹಾಕಿಕೊಂಡರೂ ಸಾಕು, ಬೆಂಗಳೂರಿನ ಪ್ರಕಾಶಕನ ಬಾಗಿಲಲ್ಲಿ ನಿಲ್ಲುವ ಅಗತ್ಯ ಬೀಳದು.

ದು. ಸರಸ್ವತಿಯವರು ‘ಸಣ್ತಿಮ್ಮಿ ರಾಮಾಯಣ’ವನ್ನು ಒಬ್ಬರೇ ನಿಂತು ಅಭಿನಯಿಸುತ್ತಾರೆ. ದೊಡ್ಡ ತಂಡ, ದೊಡ್ಡ ಮಂಟಪ ಸಿಗುವವರೆಗೂ ಕಾಯಬೇಕಾದ ಕೆಲಸವಲ್ಲ ಅದು. ಮನೆಯಲ್ಲೂ ಕೇರಿಯಲ್ಲೂ ಸಂಘಟನೆಯಲ್ಲೂ ಮೂರು ಸುತ್ತಿನ ಅಪ್ಪಣೆ ದಾಟಿ ಬರಬೇಕಾದ ದಲಿತ ಹೆಣ್ಣುಮಕ್ಕಳಿಗೆ ಈ ದಾರಿ ಮುಖ್ಯವಾದದ್ದು. ಒಂದು ಮೈ, ಒಂದು ದನಿ, ಕೇಳುವ ಹತ್ತು ಜನ. ದೇವರು ಮೈಮೇಲೆ ಬಂದಾಗ ಮಾತ್ರ ಸಿಗುತ್ತಿದ್ದ ಆ ಅಂಗಳವನ್ನು ಇಲ್ಲಿ ಹೆಣ್ಣು ತನ್ನ ಹೆಸರಿನಲ್ಲೇ ಹಿಡಿದಿದ್ದಾಳೆ.

೭

ಇಷ್ಟು ಹೇಳಿದ ಮೇಲೆ ದಲಿತ ವಿಮರ್ಶೆ ತನ್ನ ಪ್ರಶ್ನೆಗಳನ್ನು ಬದಲಿಸಿಕೊಳ್ಳಬೇಕಾಗುತ್ತದೆ. ಶಿಲ್ಪ ಚೆನ್ನಾಗಿದೆಯೇ ಎಂದು ಒಬ್ಬರು ಕೇಳುತ್ತಾರೆ, ಸಿದ್ಧಾಂತ ಸರಿಯಿದೆಯೇ ಎಂದು ಇನ್ನೊಬ್ಬರು. ಎರಡೂ ಇರಲಿ. ಅವುಗಳಿಗಿಂತ ಮೊದಲು ಮೂರನ್ನು ಕೇಳಬೇಕು. ಈ ಬರವಣಿಗೆ ಹೊಳೆದಲ್ಲಿಂದ ಕಾಗದಕ್ಕೆ ಬರುವ ಹೊತ್ತಿಗೆ ಯಾವ ಯಾವ ಅಪ್ಪಣೆಗಳನ್ನು ದಾಟಿತು, ಎಲ್ಲಿ ಬಗ್ಗಿತು? ಇದರ ಕೆಳಗಿನ ಸಹಿ ನಿಜಕ್ಕೂ ಬರೆದವರದೇ, ಇಲ್ಲಾ ಯಾವುದೋ ದೇವರದೋ ಧಣಿಯದೋ ಸಂಘದ್ದೋ? ಇದು ಎಲ್ಲಿಂದ ಬಂತೋ ಅಲ್ಲಿಗೆ ತಿರುಗಿ ಹೋಯಿತೇ, ಯಾರ ನೋವೋ ಅವರ ಕಿವಿಗೆ ಬಿತ್ತೇ?

ಈ ಪ್ರಶ್ನೆಗಳ ಮುಂದೆ ಕೆಲವು ಪ್ರಸಿದ್ಧ ಪುಸ್ತಕಗಳು ತೆಳುವಾಗುತ್ತವೆ. ಸ್ಕೂಲ್ ನೋಟ್‌ಬುಕ್ಕಿನಲ್ಲಿ ಉಳಿದ ಕೆಲವು ಪದ್ಯಗಳು ಭಾರವಾಗುತ್ತವೆ. ಅದರರ್ಥ ನೋಟ್‌ಬುಕ್ಕಿನ ಪದ್ಯಗಳೆಲ್ಲ ಚೆನ್ನ ಎಂದಲ್ಲ. ಹೊಳೆದದ್ದೆಲ್ಲ ಪದ್ಯವಲ್ಲ. ತಿದ್ದಬೇಕು, ಹೊಡೆದುಹಾಕಬೇಕು, ಮತ್ತೆ ಬರೆಯಬೇಕು. ‘ನಮ್ಮ ಹುಡುಗ, ಹೋಗಲಿ ಬಿಡಿ’ ಎಂಬ ಕರುಣೆಯ ವಿಮರ್ಶೆ ನಮಗೆ ಬೇಡ. ಅದೂ ಒಂದು ಬಗೆಯ ಮೈಲಿಗೆ. ತಿದ್ದುವುದು ತನ್ನ ಸಹಿಗೆ ತಾನು ಕೊಡುವ ಮರ್ಯಾದೆ.

ಬರೆಯುವ ತಮ್ಮಂದಿರಿಗೆ, ತಂಗಿಯರಿಗೆ ಹೇಳಬೇಕಾದ್ದು ಹೆಚ್ಚಿಲ್ಲ. ಹೊಳೆದದ್ದನ್ನು ಅವತ್ತೇ ಗುರುತು ಹಾಕಿಕೊಳ್ಳಿ, ಬಸ್ ಟಿಕೆಟ್ಟಿನ ಹಿಂದೆಯಾದರೂ ಸರಿ. ತೆಲುಗಿನಲ್ಲಿ ಬಂದರೆ ತೆಲುಗಿನಲ್ಲೇ ಬರೆದಿಡಿ. ಅವ್ವನಿಗೆ ಓದಿ ಹೇಳಿ. ಅವಳು ಎಲ್ಲಿ ಆಕಳಿಸಿದಳೋ ಅಲ್ಲಿ ಹೊಡೆದುಹಾಕಿ, ಎಲ್ಲಿ ಸುಮ್ಮನಾದಳೋ ಅಲ್ಲಿ ಕೈ ಹಾಕಬೇಡಿ. ಮುನ್ನುಡಿಗಾಗಿ ಯಾರ ಮನೆ ಬಾಗಿಲಿಗೂ ಆರು ತಿಂಗಳು ಅಲೆಯಬೇಡಿ. ಐವತ್ತು ಪ್ರತಿ ಜೆರಾಕ್ಸ್ ಮಾಡಿಸಿದರೂ ಅದು ಪುಸ್ತಕವೇ; ಮೊದಲ ಪ್ರತಿ ಕೇರಿಯಲ್ಲಿರಲಿ, ಕೊನೆಯದು ಬೆಂಗಳೂರಿಗೆ ಹೋಗಲಿ. ಸಂಘಟನೆಯಲ್ಲಿರಿ, ಜಾಥಾಕ್ಕೆ ಹಾಡನ್ನೂ ಬರೆದುಕೊಡಿ, ಆದರೆ ಜಾಥಾಕ್ಕೆ ಬೇಡವಾದ ಪದ್ಯವನ್ನು ಹರಿದುಹಾಕಬೇಡಿ.

ಕೆಳಗೆ ನಿಮ್ಮ ಹೆಸರು ಬರೆಯಿರಿ. ಪೂರ್ತಿ ಹೆಸರು. ಊರಿನ ಹೆಸರೂ ಇರಲಿ.